ನೂರು ವ್ಯಾಟಿನ ಬಲ್ಬು

೨೨-೧೧-೮೩, ಮಂಗಳವಾರ, ಕೊಟ್ಟೂರು

ಬೆನಕಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಎದುರಿಗೆ ಗಾಡಿ ಬಂದರೆ ಲೈಟು ಡಿಮ್ ಮಾಡುವ ಮರ್ಯಾದೆ ಅವನ ಲಾರಿಗೆ ಎಂದೂ ಇಲ್ಲ. ಹೋದ ತಿಂಗಳು ಆ ಬೆಳಕು ಕಣ್ಣು ಕುಕ್ಕಿ ನನ್ನ ಜೀಪು ಜಾಲಿ ಗಿಡಕ್ಕೆ ಗುದ್ದಿತ್ತು.

ಅದಕ್ಕೇ ಇವತ್ತು ಜೀಪಿಗೆ ನೂರು ವ್ಯಾಟಿನ ಬಲ್ಬು ಹಾಕಿಸಿದೆ. ಎದುರಿನವರ ಕಣ್ಣಿಗೆ ಹೊಡೆಯದಿರಲೆಂದು ದೀಪದ ಗಾಜಿಗೆ ಬಳಿದಿದ್ದ ಕರಿ ಬಣ್ಣವನ್ನೂ ಬ್ಲೇಡಿನಿಂದ ಕೆರೆದು ತೆಗೆದೆ. "ಹಳೇ ವಯರು ತಡಿಯಂಗಿಲ್ರಿ," ಎಂದ ಎಲೆಕ್ಟ್ರಿಷಿಯನ್ ಸುಂಕಪ್ಪ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕತ್ತಲಾದ ಮೇಲೆ ಉಜ್ಜಿನಿ ದಾರಿಯಲ್ಲಿ ಅವನ ಲಾರಿ ಎದುರಾಯಿತು. ಫುಲ್ ಲೈಟು ಬಿಟ್ಟೆ. ಬೆನಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸಿದ. ಎಂಥಾ ಸುಖ! ಅದು ಒಂದು ನಿಮಿಷವೂ ಉಳಿಯಲಿಲ್ಲ. ವಯರು ಸುಟ್ಟ ವಾಸನೆ ಬಂತು, ಎರಡೂ ದೀಪ ಆರಿದವು.

ಅವನು ಇಳಿದು ಬಂದು, ಬಾನೆಟ್ ಮುಟ್ಟಿ ನೋಡಿ ನಕ್ಕ. "ಮುಂದ ನಡೀರಿ, ನಾ ಹಿಂದಿಂದ ಬೆಳಕು ಬಿಡ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಲಾರಿ ತಿರುಗಿಸಿಕೊಂಡು ಮನೆ ಬಾಗಿಲ ತನಕ ಬಂದ. ದಾರಿಯುದ್ದಕ್ಕೂ ನನ್ನ ಕನ್ನಡಿ ತುಂಬ ಅವನದೇ ಬೆಳಕು. ಒಂದು ಸಲವೂ ಡಿಮ್ ಮಾಡಲಿಲ್ಲ. ನಮ್ಮ ಮನೆಯವಳು ಅವನನ್ನು ಕೂರಿಸಿ ಚಹಾ ಬೇರೆ ಕೊಟ್ಟಳು.

ನಾಳೆ ದಪ್ಪ ವಯರು ಹಾಕಿಸಬೇಕು.