ಎರಡು ಗುಡಿ, ಒಂದು ಸೀಟಿ

ಹಾಸನ, ಆಸ್ಪತ್ರೆಯ ವರಾಂಡ
೧೨-೩-೨೦೨೫, ಮಧ್ಯಾಹ್ನ

ಶ್ರೀಮನ್ಮಹಾ ಅಗ್ನಿಗರ್ವಭಂಜಕಿ, ಜಲಧಾರಾಧುರಂಧರೆ, ಮೊಸಳೆ ಗ್ರಾಮದಿಂದ ಏಣಿಯೇರಿದ ಏಕೈಕ ವೀರವನಿತೆ, ನನ್ನ ಅಕ್ಕ ಸ್ಪಂದನಾದೇವಿಯವರ ಬೂಟುಗಳ ದಿವ್ಯ ಸನ್ನಿಧಾನಕ್ಕೆ, ತಮ್ಮ ದಿಲೀಪನು ಕುರ್ಚಿಯಿಂದೆದ್ದು ನಮಸ್ಕರಿಸಿ, ಮತ್ತೆ ಕುಳಿತು ಬರೆಯುವ ಬಿನ್ನಹ.

ಕ್ಷೇಮವೇ? ಅಗ್ನಿಶಾಮಕ ತರಬೇತಿಯವರು ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದಾರೆಯೇ? ಮುದ್ದೆಯಿಲ್ಲದೆ ನೀನು ಸೊರಗಿರುತ್ತೀಯೆಂದು ಅವ್ವನ ಕೊರಗು. ನಿನ್ನ ಫೋನು ಅವರ ಕಪಾಟಿನಲ್ಲಿರುವುದರಿಂದ ಈ ಕಾಗದ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ನಿನ್ನೆ ಅಪ್ಪನಿಗೆ ಹೆಜ್ಜೇನು ಕಚ್ಚಿವೆ. ಉಸಿರಾಟ ಸರಿಯಾಗಿದೆ. ಆದರೆ ವಿಷ ಮೂತ್ರಪಿಂಡಕ್ಕೆ ಇಳಿದಿದೆಯೇ ಎಂಬ ವರದಿ ಸಂಜೆ ಬರಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು. ನಿಮ್ಮ ಆಫೀಸಿಗೆ ಫೋನ್ ಮಾಡಲು ಹೊರಟಿದ್ದೆ. 'ಅವ್ಳ್ ಪರೀಕ್ಸೆ ಕೆಡುಸ್ಬ್ಯಾಡ ಕಣ್ಲಾ' ಎಂದು ಅಪ್ಪನೇ ತಡೆದ. ವರದಿ ನೋಡಿದ ಮೇಲೆಯೇ ಈ ಕಾಗದ ಅಂಚೆಗೆ.

ನೀನು ಕಟ್ಟಿದ ಊರಿನ ತುರ್ತು ತಂಡದ ಚರಿತ್ರೆಯನ್ನೂ ಕೇಳು. ಆಪತ್ತಿನಲ್ಲಿ ಅಪ್ಪಣೆ ಒಂದೇ ಬಾಯಿಂದ ಬರಬೇಕು ಎಂದು ಬೋಧಿಸಿ ನೀನು ಬಸ್ಸು ಹತ್ತಿದೆ. ನಮ್ಮವರು ಆ ವಾರವೇ ಇಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಅಕ್ಕಪಕ್ಕ ಎರಡು ಗುಡಿ ಇಟ್ಟುಕೊಂಡು ಯಜಮಾನಿಕೆ ಒಬ್ಬರಿಗೇ ಕೊಡಲಾದೀತೆ? ಚನ್ನಕೇಶವನ ಕಡೆಗೆ ಚನ್ನಪ್ಪ ದೊಡ್ಡಪ್ಪ, ನಾಗೇಶ್ವರನ ಕಡೆಗೆ ಷಡಕ್ಷರಿ ಮೇಷ್ಟ್ರು. ಒಂದೇ ಅಳತೆಯ ಹಾರ, ಒಂದೇ ಬಣ್ಣದ ಜಾಕೀಟು. ಸೀಟಿ ಮಾತ್ರ ಒಂದೇ ಇತ್ತು. ಇಬ್ಬರೂ ಸಮನಾಗಿ ತಾತ್ಸಾರ ಮಾಡುವ ಪ್ರಾಣಿ ನಾನೊಬ್ಬನೇ ಆದ್ದರಿಂದ ಅದನ್ನು ನನ್ನ ಕೊರಳಿಗೆ ಕಟ್ಟಿದರು. 'ಇವ್ನ್ ಊದುದ್ರೆ ಯಾವನ್ ಬತ್ತಾನೆ, ಬುಡ್ರಿ' ಅಂದರು ದೊಡ್ಡಪ್ಪ.

ನಿನ್ನೆ ಗುಡಿಯಂಗಳ ಗುಡಿಸುವ ಕೆಲಸ. ಒಟ್ಟಿದ ಎಲೆಗೆ ಯಾರೋ ಬೆಂಕಿ ಕೊಟ್ಟರು (ಯಾರೆಂಬುದರ ಬಗ್ಗೆ ಎರಡೂ ಕಡೆಯ ವಾದ ಈಗಲೂ ನಡೆದಿದೆ). ಹೊಗೆ ಹೋಗಿ ಮರದ ಹೆಜ್ಜೇನಿಗೆ ತಾಗಿತು. ಅಪ್ಪ ಎರಡು ಗುಡಿಗಳ ನಡುವೆ ಪೊರಕೆ ಹಿಡಿದು ನಿಂತಿದ್ದ. 'ಓಡ್ಬಾರೋ ದೇವರಾಜು!' ಎಂದು ದೊಡ್ಡಪ್ಪ ಕೂಗಿದರೆ, 'ಅಲ್ಲೇ ಕುಂತ್ಕಳಯ್ಯಾ, ಅಲ್ಲಾಡ್ಬ್ಯಾಡ!' ಎಂದು ಮೇಷ್ಟ್ರು. ಇಬ್ಬರ ಮಾತನ್ನೂ ಮೀರದ ಮನುಷ್ಯ ಊರಿಗೆಲ್ಲ ನಮ್ಮಪ್ಪನೊಬ್ಬನೇ. ಓಡಿದ, ಕುಳಿತ, ಎದ್ದು ಮತ್ತೆ ಓಡಿದ, ಮತ್ತೆ ಕುಳಿತ. ಆಮೇಲೆ ಏಳಲಿಲ್ಲ. ಬೆನ್ನ ಮೇಲೆ ಅಂಗಿಯೇ ಕಾಣುತ್ತಿರಲಿಲ್ಲ ಅಕ್ಕ.

ಗುಡಿಯ ಅಡುಗೆ ಶೆಡ್ಡಿನ ಬಾಗಿಲಲ್ಲಿ ಅಲ್ಲಿನ ಕಂಬಳಿ ಹಿಡಿದು ನಿಂತಿದ್ದ ನಾನು ಸೀಟಿ ಊದಿದೆ. ಆ ಆಶ್ಚರ್ಯಕ್ಕೇ ಇಬ್ಬರ ಬಾಯೂ ಮುಚ್ಚಿತು. 'ದೊಡ್ಡಪ್ಪಾ, ಮೇಷ್ಟ್ರೇ, ಬನ್ನಿ ಇಲ್ಲಿ! ಈ ಕಂಬ್ಳಿ ಹೊದ್ಕಂಡ್ ಇಬ್ರೂ ಓಗಿ, ಅಪ್ಪನ್ನ ಎತ್ಕಂಬನ್ನಿ. ರೇವಮ್ಮತ್ತೆ, ಆಂಬುಲೆನ್ಸ್‌ಗೆ ನೀನ್ ಫೋನ್ ಮಾಡು. ಮಿಕ್ಕೋರೆಲ್ಲ ಒಳೀಕೋಗಿ ಬಾಗ್ಲಾಕ್ಕಳಿ!' ಎಂದೆ. ಎಲ್ಲರೂ ಕೇಳಿದರು! ಆಜನ್ಮ ವೈರಿಗಳಿಬ್ಬರು ಒಂದೇ ಕಂಬಳಿಯಡಿ ನಡೆದರು. 'ಕಾಲ್ ತುಳೀತಿದೀರ ಮೇಷ್ಟ್ರೇ', 'ಮೊದ್ಲು ನಡಿಯಯ್ಯಾ ಮುಂದ್ಕೆ' ಎಂಬ ಮಂತ್ರೋಚ್ಚಾರಣೆಯೊಂದಿಗೆ ಅಪ್ಪನನ್ನು ಹೊತ್ತು ತಂದರು.

ಈಗ ಇಬ್ಬರೂ ಊದಿದ ಮುಖ ಹೊತ್ತು ಎದುರು ಬೆಂಚಿನಲ್ಲಿದ್ದಾರೆ, ಅಪ್ಪನ ತಲೆ ಹಿಡಿದವರು ಯಾರು, ಕಾಲು ಹಿಡಿದವರು ಯಾರು ಎಂದು ಜಗಳವಾಡುತ್ತ. ನಾನು ಲ್ಯಾಬಿನ ಕಿಟಕಿಗೂ ಈ ಕುರ್ಚಿಗೂ ಅಲೆಯುತ್ತಿದ್ದೇನೆ. ಒಂದು ವಾಕ್ಯ ಬರೆದರೆ ಒಂದು ಸುತ್ತು. ಆಚೆ ಹೋಗು ಎಂದು ಸಿಸ್ಟರು ಗದರಿಯಾಯಿತು. ಮುಂದೆ ನಿಂತು ನಡೆಸುವವನು ತಾನೇ ನುಗ್ಗಬಾರದು, ಎಲ್ಲರನ್ನೂ ನೋಡುವ ಕಣ್ಣು ಒಂದು ಕಡೆ ನಿಂತಿರಬೇಕು ಎಂದು ನೀನು ಕಲಿಸಿದ್ದನ್ನು ನಾನು ಅಕ್ಷರಶಃ ಪಾಲಿಸಿದೆನೆಂದು ಊರೆಲ್ಲ ಹೊಗಳುತ್ತಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಅಪ್ಪನೂ ಸಿಸ್ಟರಿಗೆ, 'ನನ್ ಮಗ ನಿಂತ್ಕಂಡ್ ನಡುಸ್ದ ಕಣವ್ವಾ' ಅಂದ.

ಪರೀಕ್ಷೆ ಚೆನ್ನಾಗಿ ಬರೆ. ಅವ್ವನ ಆಶೀರ್ವಾದಗಳು.

ಇಂತು, ತಮ್ಮ ಪಾದಧೂಳಿಗಿಂತ ತುಸುವೇ ಮೇಲಿನ,
ದಿಲೀಪ

ಮತ್ತೆ: ವರದಿ ಬಂತು. ಮೂತ್ರಪಿಂಡಕ್ಕೆ ಏನೂ ಆಗಿಲ್ಲ, ನಾಡಿದ್ದು ಮನೆಗೆ. ಅಂಚೆ ಡಬ್ಬಿಗೆ ಹಾಕುವ ಮುಂಚೆ ಒಂದು ಮಾತು. ಆ ಕಂಬಳಿಯನ್ನು ಮೊದಲು ಹೊದ್ದವನು ನಾನೇ. ಹೊಸ್ತಿಲು ದಾಟಲು ಕಾಲು ಬರಲಿಲ್ಲ ಅಕ್ಕ, ಅದಕ್ಕೇ ಅವರನ್ನು ಕರೆದೆ. ನೀನು ಕಲಿಸಿದ್ದು ನೆನಪಾಗಿದ್ದು ಆಂಬುಲೆನ್ಸ್ ಹೊರಟ ಮೇಲೆ. ಅಪ್ಪನಿಗೆ ಇನ್ನೂ ಹೇಳಿಲ್ಲ.