ಅಲೆಕ್ಸಾಂಡ್ರಿಯದಲ್ಲಿ ಅರ್ಧ ಗಡ್ಡ

ಅಕ್ಕನಿಗೆ ಹೊರಿಯೋನ್ ಮಾಡುವ ನಮಸ್ಕಾರ. ಹಾಳೆ ದುಬಾರಿ, ಅದಕ್ಕೇ ಒಡೆದ ಹೂಜಿಯ ಚೂರಿನ ಮೇಲೆ ಗೀಚುತ್ತಿದ್ದೇನೆ.

ನೀನು ಗೊತ್ತು ಮಾಡಿದ ಹುಡುಗಿಯ ಮನೆಗೆ ಹೊರಡುವ ಮುಂಚೆ ಗಡ್ಡ ತೆಗೆಸಲು ಕೂತೆ. ಬಂದರಿನ ಕೂಲಿಗಳು ಹಾಡುವ ಹಾಡೊಂದು ಬಾಯಿಗೆ ಬಂತು: ‘ಕ್ರಿಸ್ತನನ್ನು ತಂದೆ ಸೃಷ್ಟಿಸಿದ, ಮಗನಿರದ ಕಾಲವೊಂದಿತ್ತು.’ ರಾಗ ಚೆನ್ನಾಗಿತ್ತು, ಅರ್ಥ ಯಾರಿಗೆ ಬೇಕು? ದೇವರ ಮಗ ಕ್ರಿಸ್ತ ಅನಾದಿಯೋ, ಸೃಷ್ಟಿಯೋ ಎಂದು ಈ ಊರೇ ಎರಡು ಪಂಗಡವಾಗಿ ಕಿತ್ತಾಡುತ್ತಿರುವುದು ನೆನಪಾಗಲಿಲ್ಲ. ಕ್ಷೌರಿಕ ಸೆರೆನೋಸನ ಕತ್ತಿ ಅಲ್ಲೇ ನಿಂತಿತು.

“ಏನಂದೆ? ಮಗನೂ ತಂದೆಯಷ್ಟೇ ಅನಾದಿ ಕಣಯ್ಯಾ! ಏಳು ಮೇಲೆ!”

ಎಡಗೆನ್ನೆ ಮಾತ್ರ ಬೋಳಾಗಿತ್ತು. ಎದುರಿನ ಕ್ಷೌರದಂಗಡಿಗೆ ಓಡಿದೆ. ನಿನ್ನ ತಮ್ಮ ಮಹಾ ಜಾಣನಲ್ಲವೇ? ಕೂರುವ ಮೊದಲೇ, “ಮಗನೂ ಅನಾದಿ, ಸ್ವಾಮೀ” ಎಂದೆ.

“ನಮ್ಮ ಹಾಡು ಕೇಳಿಲ್ವೇನೋ? ಹೋಗು, ಆ ಸೆರೆನೋಸನ ಹತ್ರಾನೇ ಮಾಡಿಸ್ಕೋ!”

ಅರ್ಧ ಗಡ್ಡದಲ್ಲೇ ಹೋದೆ. ಹುಡುಗಿಯ ಅಪ್ಪ ನನ್ನ ಮುಖವನ್ನೇ ದಿಟ್ಟಿಸಿ, “ಮಗನ ವಿಷಯದಲ್ಲಿ ನೀವು ಯಾವ ಕಡೆಯವರಪ್ಪಾ?” ಎಂದರು. ಪರದೆಯ ಹಿಂದಿನಿಂದ ಹುಡುಗಿಯೇ ಉತ್ತರ ಕೊಟ್ಟಳು:

“ಬಿಡಪ್ಪಾ, ಮುಖ ನೋಡಿದ್ರೆ ಗೊತ್ತಾಗಲ್ವಾ? ಬಲಗಡೆ ಅನಾದಿ, ಎಡಗಡೆ ಇನ್ನೂ ಸೃಷ್ಟಿನೇ ಆಗಿಲ್ಲ!”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಒಪ್ಪಿಕೊಂಡರು. ಈಸ್ಟರ್ ಕಳೆದ ಮೇಲೆ ಮದುವೆ. ನನ್ನ ಕೆಮ್ಮು ವಾಸಿಯಾಗಿದೆ. ಬೀಗರು ಯಾವ ಪಂಗಡವೆಂದು ನಾನು ಕೇಳಿಲ್ಲ, ನೀನೂ ಕೇಳಬೇಡ. ಚೂರಿನಲ್ಲಿ ಜಾಗ ಮುಗಿಯಿತು. ಬರುವಾಗ ಅಪ್ಪನ ಕ್ಷೌರದ ಕತ್ತಿ ಮರೆಯದೆ ತಾ.