ಗಲಾಟೆ ನಿಲ್ಲಿಸಿದ ತಂಗಿ, ಅಭಿನಂದಿಸಿದ ಶಿಬಿರ

ಜಿಲ್ಲೆಯ ಜನರ ಮಾನಸಿಕ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ಮೈಲವ್ವ ಸರಿಯಾಗಿ ಉಣ್ಣುತ್ತಿಲ್ಲ, ಮಲಗುತ್ತಿಲ್ಲ, ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಇದಕ್ಕೆ ನಿಮ್ಮ ಶಿಬಿರದ ವೈದ್ಯರು ಕೊಟ್ಟ ಚಿಕಿತ್ಸೆ ಅಭಿನಂದನೆ. ಆ ಚಿಕಿತ್ಸೆ ಫಲ ಕೊಡಲಿಲ್ಲವೆಂದು ತಿಳಿಸಲು ಈ ಪತ್ರ.

ಮೈಲವ್ವನಿಗೆ ಮೂವತ್ತಾರು ವರ್ಷ. ಹುಟ್ಟಿನಿಂದ ತೀವ್ರ ಬುದ್ಧಿಮಾಂದ್ಯ, ಮಾತು ಬಾರದು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತಾಗ ಇವಳೂ ಮೈಮುನಾಬಿ ಅಜ್ಜಿಯ ಮಗ್ಗುಲಿಗೆ ಕೂರುತ್ತಿದ್ದಳು. ಘಾಟಿಗೆ ಯಾರಾದರೂ ಸೀನಿದರೆ ಕೇಕೆ ಹಾಕಿ ನಗುವುದೇ ಇವಳ ಕೆಲಸ. ಇವಳನ್ನು ನಗಿಸಲೆಂದೇ ಅಜ್ಜಿ ಸುಳ್ಳು ಸುಳ್ಳೇ ಸೀನುತ್ತಿದ್ದರು. ಆ ನಗು ಪಕ್ಕದ ಓಣಿಗೂ ಕೇಳುತ್ತಿತ್ತು, ನೆರೆಯವರು ಬೈಯುತ್ತಿದ್ದರು. ಈ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಅದನ್ನು ಮೈಲವ್ವನಿಗೆ ಹೇಗೆ ತಿಳಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಕೆಲವು ದಿನ ಅದೇ ಜಾಗದಲ್ಲಿ ಕೂತು ಕಾದಳು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಳು.

ಓಣಿಗೆ ಸಂತೋಷವಾಯಿತು. ಎದುರುಮನೆಯ ಚೌಡವ್ವ, “ಈಗ ಭಾಳ ಶಾಣ್ಯಾ ಆಗ್ಯಾಳ ನೋಡಪಾ, ಸದ್ದೇ ಇಲ್ಲ” ಎಂದರು. ಚೌಡವ್ವ ವೈದ್ಯಕೀಯ ಓದಿದವರಲ್ಲ, ಬಿಡೋಣ. ನಿಮ್ಮ ವೈದ್ಯರು ಓದಿದವರು. ರಾಣೆಬೆನ್ನೂರಿನ ಶಿಬಿರದಲ್ಲಿ ಅವರು ಮಾತು ಬಾರದ ಮೈಲವ್ವನನ್ನೇ ಕೇಳಿದರು: “ಮನಸ್ಸಿಗೆ ಬ್ಯಾಸರ ಅನಸ್ತೈತೇನವ್ವಾ?” ಅವಳು ಉತ್ತರಿಸಲಿಲ್ಲ. ಉತ್ತರವಿಲ್ಲ, ಆದ್ದರಿಂದ ಬೇಸರವಿಲ್ಲ. ಎಂಥ ತರ್ಕ ಸ್ವಾಮಿ. ದನದ ಡಾಕ್ಟರು ಎಮ್ಮೆಯ ಹೇಳಿಕೆ ಪಡೆದು ಔಷಧ ಕೊಡುತ್ತಾರೆಯೇ? ಅದು ಮೇವು ಬಿಟ್ಟಿದೆ ಎಂದರೆ ಅವರಿಗೆ ಅಷ್ಟೇ ಸಾಕು. ನನ್ನ ತಂಗಿಗೆ ಎಮ್ಮೆಗಿರುವಷ್ಟು ಸೌಲಭ್ಯವನ್ನಾದರೂ ಕೊಡಿ ಎಂದು ನಾನು ಅರ್ಜಿ ಹಾಕಬೇಕಾಗಿದೆ.

“ಸಾಹೇಬ್ರ, ಮೊದಲ ಹಿಂಗಿರಲಿಲ್ರಿ, ಭಾಳ ನಗತಿದ್ಲು,” ಎಂದೆ.

“ಇಂಥವರಿಗೆ ಡಿಪ್ರೆಶನ್ ಎಲ್ಲಿಂದ ಬರತೈತ್ರಿ? ಗಲಾಟೆ ನಿಂತೈತಿ, ಚಲೋ ಆತು ಅನ್ರಿ,” ಎಂದು ವೈದ್ಯರು ನನ್ನ ಕೈಕುಲುಕಿದರು.

ದುಃಖಪಡಲೂ ಇಂತಿಷ್ಟು ಬುದ್ಧಿ ಇರಬೇಕೆಂಬ ನಿಯಮ ಯಾವಾಗ ಜಾರಿಯಾಯಿತು? ನಮಗೆ ಸುತ್ತೋಲೆ ಬಂದಿಲ್ಲ. ನನಗೆ ಬಂದದ್ದು ಸಿಟ್ಟು, ಮತ್ತು ಬಸ್ಸಿನಲ್ಲಿ ಎಲ್ಲರೆದುರು ಅಳು.

ನನ್ನ ಬೇಡಿಕೆ ದೊಡ್ಡದಲ್ಲ. ಮಾತು ಬಾರದವರ ಸಂಕಟವನ್ನು ಅವರ ಜೊತೆ ಬಾಳುವವರಿಂದ ಕೇಳಿ ತಿಳಿಯುವ, ಹಲ್ಲುನೋವೋ ಥೈರಾಯ್ಡೋ ಎಂದು ಮೊದಲು ಪರೀಕ್ಷಿಸುವ, ಖಿನ್ನತೆಯೇ ಆದರೆ ಉಳಿದವರಂತೆ ಇವರಿಗೂ ಚಿಕಿತ್ಸೆ ನೀಡುವ ಒಬ್ಬ ವೈದ್ಯರನ್ನು ಹಾವೇರಿಯಲ್ಲಿ ಕೂರಿಸಿ. ಬೇಗ ಕೂರಿಸಿ. ಅವಳ ಬಟ್ಟೆಗಳೆಲ್ಲ ಮೈಮೇಲೆ ಜೋತಾಡುತ್ತಿವೆ, ನನಗೆ ಹೆದರಿಕೆಯಾಗಿದೆ.

ಸೋಮವಾರ ಅವಳನ್ನು ನಿಮ್ಮ ಕಚೇರಿಗೆ ಕರೆತರುತ್ತೇನೆ. ತೋರಿಸಿದ ಕುರ್ಚಿಯ ಮೇಲೆ ಕೂರುತ್ತಾಳೆ, ನೀವು ಏಳಿ ಎನ್ನುವ ತನಕ ಅಲುಗುವುದಿಲ್ಲ. ದಯವಿಟ್ಟು ಹೊಗಳಬೇಡಿ.

ಇಂತಿ,
ಸುಮ್ಮನಿರಲು ಇನ್ನೂ ಕಲಿಯದ ಅಣ್ಣ,
ಹುಲಿಗೇಶ, ಬ್ಯಾಡಗಿ